ಕಟ್ಟೆಹಳ್ಳಿಯ ಸಂಜೆ ನೀರು

ಕಳೆದ ತಿಂಗಳು ಕೆಲಸದ ಮೇಲೆ ಚಿಂತಾಮಣಿಗೆ ಹೊರಟಿದ್ದೆ. ಶಿಡ್ಲಘಟ್ಟ ತಲುಪುವ ಮುಂಚೆ, ಎದುರಿಗೆ ಹುಲ್ಲು ಹೇರಿಕೊಂಡ ಟ್ರಾಕ್ಟರ್ ಬಂದದ್ದರಿಂದ ಬಸ್ಸು ರಸ್ತೆ ಬದಿಗೆ ಸರಿದು ನಿಂತಿತು. ನಿಂತದ್ದೇ ತಡ, ಬೇಯಿಸಿದ ರೇಷ್ಮೆಗೂಡಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ವೇಲನ್ನು ಮೂಗಿಗೆ ಒತ್ತಿಕೊಂಡು, ಕಿಟಕಿ ಮುಚ್ಚುತ್ತೀರಾ ಅಕ್ಕ ಎಂದು ಕೇಳಿದಳು. ಮುಚ್ಚಿದೆ. ಆದರೆ ಅಷ್ಟು ಹೊತ್ತಿಗಾಗಲೇ ನನ್ನ ಮನಸ್ಸು ಬಸ್ಸಿನಲ್ಲಿರಲಿಲ್ಲ. ಇಪ್ಪತ್ತಾರು ವರ್ಷದವಳಾಗಿ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು, ಕಟ್ಟೆಹಳ್ಳಿಯ ಚರಂಡಿಯ ಅಂಚಿನಲ್ಲಿ ಬಾಟಲಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೆ.

ಕಟ್ಟೆಹಳ್ಳಿ ಎಂಬುದು ನಾನು ಇಲ್ಲಿ ಇಟ್ಟ ಹೆಸರು. ಊರು ಮೇಲೂರಿನಿಂದ ಸ್ವಲ್ಪ ಆಚೆಗಿದೆ. ನಿಜವಾದ ಹೆಸರು ಬರೆದರೆ ಅಲ್ಲಿಯವರಿಗೆ ಮುಜುಗರವಾದೀತು ಎಂದು ಬರೆಯುತ್ತಿಲ್ಲ. ಆ ಊರಲ್ಲಿ ನಾನು ಕಳೆದದ್ದು ಒಂದು ಸಂಕ್ರಾಂತಿಯಿಂದ ಮುಂಗಾರಿನವರೆಗೆ ಮಾತ್ರ. ಆಮೇಲೆ ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದ್ದೇನೆ. ಆದರೆ ಯಾರಾದರೂ ನಿನ್ನ ಕಸುಬು ಏನು ಎಂದು ಕೇಳಿದರೆ ನನಗೆ ನೆನಪಾಗುವುದು ಆ ಆರು ತಿಂಗಳೇ.

ಆಗ ನಾನು ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಸೇರಿದ್ದ ಇಂಜಿನಿಯರು. ನಮ್ಮ ಊರು ಮಂಚೇನಹಳ್ಳಿಯ ಹತ್ತಿರ. ಅಪ್ಪ ಪಂಚಾಯಿತಿಯ ನೀರುಗಂಟಿಯಾಗಿದ್ದವರು. ಬೆಳಿಗ್ಗೆ ಎದ್ದು ಬೋರ್‌ವೆಲ್ ಮೋಟಾರ್ ಹಾಕುವುದು, ಬೀದಿ ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು ಅವರ ಕೆಲಸ. ಬುದ್ಧನ ಪಟ ತೂಗುಹಾಕಿದ ಎರಡು ಕೋಣೆಯ ಮನೆಯಲ್ಲಿ ನಾನೂ ತಮ್ಮನೂ ಓದಿದೆವು. ನೀರುಗಂಟಿಯ ಮಗಳು ನೀರಿನ ಇಂಜಿನಿಯರ್ ಆದಳೆಂದು ಅಪ್ಪ ಮಂಚೇನಹಳ್ಳಿಯ ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದಿದ್ದರಂತೆ.

ನಮ್ಮ ಮೇಲಧಿಕಾರಿ ರಾಮಚಂದ್ರಪ್ಪ ಸರ್. ನಿವೃತ್ತಿಗೆ ಹತ್ತಿರವಿದ್ದವರು, ಹೆಚ್ಚು ಮಾತಿಲ್ಲ. ಬೆಂಗಳೂರಿನ ಕೊಳೆನೀರನ್ನು ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸಲು ಶುರುವಾದ ಮೇಲೆ, ಅಷ್ಟು ದೂರದ ನೀರು ತಂದು ಕೆರೆ ತುಂಬಿಸುತ್ತೀವಿ, ನಮ್ಮೂರ ಚರಂಡಿ ನೀರನ್ನು ಮಾತ್ರ ಹಾಗೇ ಕೆರೆಗೆ ಬಿಡುತ್ತೀವಲ್ಲ ಎಂದು ಅವರು ಆಗಾಗ ಗೊಣಗುತ್ತಿದ್ದರು. ಆ ವರ್ಷ ಅದಕ್ಕೊಂದು ಅವಕಾಶ ಬಂತು. ಒಂದು ಹಳ್ಳಿಯ ಕೊಳೆನೀರನ್ನು ಶುದ್ಧ ಮಾಡುವ ವ್ಯವಸ್ಥೆಗೆ ಹಣ ಕೊಡಲು ಮೇಲಿನವರು ತಯಾರಿದ್ದರು. ಷರತ್ತು ಒಂದೇ. ಯಾವ ಪದ್ಧತಿ ಆ ಊರಲ್ಲಿ ಬಹುಕಾಲ ಉಳಿಯುತ್ತದೆ ಎಂದು ಹೋಲಿಸಿ ನೋಡಿ, ಮೇ ತಿಂಗಳ ಕೊನೆಯೊಳಗೆ ವರದಿ ಕೊಡಬೇಕು. ವರದಿ ಗಟ್ಟಿಯಾಗಿದ್ದರೆ ಹಣ. ಇಲ್ಲದಿದ್ದರೆ ಅದು ಬೇರೆ ಜಿಲ್ಲೆಯ ಪಾಲು. ಈ ಒಂದು ಊರು ಗೆದ್ದರೆ ಸುತ್ತಲಿನ ಊರುಗಳಿಗೂ ದಾರಿಯಾಗುತ್ತದೆ ಎಂದು ಹೇಳಿ ಸರ್ ಆ ಕೆಲಸವನ್ನು ನನಗೆ ವಹಿಸಿದರು. ಅಂಥ ದೊಡ್ಡ ಕೆಲಸ ನನ್ನ ಕೈಗೆ ಬಂದದ್ದು ಅದೇ ಮೊದಲು.

ಕಟ್ಟೆಹಳ್ಳಿಯಲ್ಲಿ ಆಗ ಹತ್ತಾರು ರೇಷ್ಮೆ ನೂಲು ತೆಗೆಯುವ ಘಟಕಗಳಿದ್ದವು. ಗೂಡನ್ನು ಬಿಸಿನೀರಲ್ಲಿ ಬೇಯಿಸಿ, ಬೇಸಿನ್ನಿನ ನೀರಲ್ಲಿ ತೇಲಿಸಿ ಎಳೆ ಎಳೆಯುತ್ತಾರೆ. ಎಳೆ ಮುಗಿದ ಮೇಲೆ ಉಳಿಯುವುದು ಸತ್ತ ಹುಳು ಮತ್ತು ಅಂಟು ಬಿಟ್ಟು ಕಂದಾದ ನೀರು. ಆ ನೀರೂ ಮನೆಮನೆಯ ಬಚ್ಚಲ ನೀರೂ ಒಂದೇ ಚರಂಡಿಯಲ್ಲಿ ಸೇರಿ, ಊರ ಇಳಿಜಾರಿನಲ್ಲಿರುವ ಕಾಲೋನಿಯ ಪಕ್ಕದಿಂದ ಹಾದು ಕೆರೆಗೆ ಬೀಳುತ್ತಿತ್ತು.

ನಾನು ಮೊದಲ ಸಲ ಹೋದಾಗ ನಂದಿ ಬೆಟ್ಟದ ಕಡೆಯಿಂದ ಬೀಸುತ್ತಿದ್ದ ಚಳಿಗಾಳಿಗೆ ಕೈ ಮರಗಟ್ಟಿತ್ತು. ಅವರೆಕಾಯಿ ಕಾಲ. ಪ್ರತಿ ಜಗಲಿಯ ಮೇಲೂ ಯಾರಾದರೊಬ್ಬರು ಕಾಳು ಸುಲಿಯುತ್ತಾ ಕೂತಿದ್ದರು. ಬೆಳಗಿನ ಬಸ್ಸಿಗೆ ಬಂದು, ಹನ್ನೊಂದರ ಸುಮಾರಿಗೆ ಚರಂಡಿಯ ನೀರನ್ನು ಬಾಟಲಿಗೆ ತುಂಬಿ, ಊರ ನಕ್ಷೆ ಗುರುತಿಸಿಕೊಂಡು, ನಾಲ್ಕು ಗಂಟೆಯ ಬಸ್ಸಿಗೆ ವಾಪಸಾಗುತ್ತಿದ್ದೆ. ಹೀಗೆ ಎಂಟು ದಿನ. ಕಚೇರಿಗೆ ಮರಳಿ ಕೋಷ್ಟಕ ಮಾಡಿದೆ. ಒಂದು ಕಡೆ ಮೂರು ಆಯ್ಕೆ: ಕರೆಂಟಿನಿಂದ ಗಾಳಿ ಊದಿ ನೀರು ಶುದ್ಧ ಮಾಡುವ ಚಿಕ್ಕ ಯಂತ್ರಸ್ಥಾವರ, ಜೊಂಡು ನೆಟ್ಟು ಅದರ ಬೇರುಗಳ ನಡುವೆ ನೀರು ಸೋಸುವ ಸಾಲು ಹೊಂಡಗಳು, ಪೈಪು ಹಾಕಿ ಪಟ್ಟಣದ ಒಳಚರಂಡಿಗೆ ಸೇರಿಸುವುದು. ಮೇಲುಗಡೆ, ಕಟ್ಟುವ ಖರ್ಚು, ಬೇಕಾಗುವ ಜಾಗ, ಕರೆಂಟು, ಹೊರಬರುವ ನೀರಿನ ಗುಣ ಎಂಬ ಅಂಕಣಗಳು. ಒಂದೊಂದಕ್ಕೂ ಅಂಕ. ಕೂಡಿಸಿದರೆ ಯಂತ್ರಸ್ಥಾವರವೇ ಮೊದಲು ಬಂತು. ಕಡಿಮೆ ಜಾಗ, ತಿಳಿಯಾದ ನೀರು. ಜಾಗ ಎಲ್ಲಿ ಎಂಬ ಪ್ರಶ್ನೆಗೆ ‘ಕಾಲೋನಿಯ ಪಕ್ಕದ ಖಾಲಿ ನಿವೇಶನ, ಲಭ್ಯವಿದೆ’ ಎಂದು ಬರೆದೆ. ಸರ್ ಓದಿ, ಚೆನ್ನಾಗಿದೆ ಎಂದು ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಆ ದಿನ ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಅಪ್ಪನಿಗೊಂದು ಶರ್ಟು ಕೊಂಡು ಊರಿಗೆ ಹೋದದ್ದು ನೆನಪಿದೆ.

ಹತ್ತು ದಿನ ಕಳೆದಿರಬೇಕು. ನಕ್ಷೆಯಲ್ಲೊಂದು ಮೂಲೆ ಬಿಟ್ಟುಹೋಗಿತ್ತೆಂದು ಮತ್ತೆ ಕಟ್ಟೆಹಳ್ಳಿಗೆ ಹೋದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಷಫಿ ಸಾಬರ ಘಟಕದ ಮುಂದಿನ ನೆರಳಲ್ಲಿ ನಿಂತಿದ್ದಾಗ ಒಳಗೆ ಬೇಸಿನ್ ಮುಂದೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಂಡು ನೀರು ಕುಡಿಯಲು ಹೊರಗೆ ಬಂದರು. ನಲವತ್ತರ ಆಸುಪಾಸು. ಬಿಸಿನೀರಲ್ಲಿ ನೆಂದೂ ನೆಂದೂ ಬೆರಳಿನ ತುದಿಗಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವು. ಅವರೇ ಲಕ್ಷ್ಮೀದೇವಮ್ಮ. ಕಾಲೋನಿಯವರು, ಹದಿನಾರನೇ ವಯಸ್ಸಿನಿಂದ ಬೇಸಿನ್ ಕೆಲಸದವರು. ನನ್ನ ಕೈಯಲ್ಲಿದ್ದ ಬಾಟಲಿ ನೋಡಿ, ದಿನಾ ಏನು ತುಂಬಿಸಿಕೊಂಡು ಹೋಗುತ್ತೀಯೆಂದು ಕೇಳಿದರು. ಹೇಳಿದೆ. ಅವರಿಗೆ ನಗು ಬಂತು.

"ಅದು ಪಾತ್ರೆ ತೊಳೆದ ನೀರು ಕಣಮ್ಮ. ನಮ್ಮ ನೀರು ನೀನು ನೋಡೇ ಇಲ್ಲ. ನಿನ್ನ ಬಸ್ಸು ಹೋದ್ಮೇಲೆ ಬರ್ತದೆ ಅದು."

ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಬೆಳಿಗ್ಗೆ ತುಂಬಿಸಿದ ಬೇಸಿನ್ನಿನ ನೀರನ್ನು ದಿನವೆಲ್ಲ ಬಳಸಿ, ಸಂಜೆ ಕೆಲಸ ನಿಲ್ಲಿಸುವಾಗ ಒಟ್ಟಿಗೆ ಚೆಲ್ಲುತ್ತಾರೆ. ಎಲ್ಲ ಘಟಕಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೆಲಸ ಬಿಡುತ್ತವೆ.

ಅವತ್ತು ನಾಲ್ಕು ಗಂಟೆಯ ಬಸ್ಸು ಹತ್ತಲಿಲ್ಲ. ಐದೂವರೆಗೆ ಸಂಜೆಯ ನೀರು ಬಂತು. ಮೊದಲು ಬಿಸಿ ಹಬೆ, ಆಮೇಲೆ ಕಡು ಕಂದು ನೀರು, ಅದರ ಮೇಲೆ ನೊರೆ, ನೊರೆಯ ಮೇಲೆ ತೇಲುವ ಹುಳುಗಳು. ಅರ್ಧ ಗಂಟೆ ಚರಂಡಿ ಅಂಚು ಮುಟ್ಟಿ ಹರಿಯಿತು. ಆ ವಾಸನೆಗೆ ನನಗೆ ಎರಡು ಸಲ ಓಕರಿಕೆ ಬಂತು. ಬಾಟಲಿ ತುಂಬಿಸಿಕೊಂಡು ನಿಂತೇ ಇದ್ದೆ. ಎಂಟು ದಿನ ನಾನು ಅಳೆದದ್ದು ಇದನ್ನಲ್ಲ. ಲಕ್ಷ್ಮೀದೇವಮ್ಮ ಮನೆಗೆ ಹೋಗುವ ದಾರಿಯಲ್ಲಿ ನನ್ನನ್ನು ನೋಡಿ, ಬಾಯಿ ತೊಳ್ಕೊಂಡು ಟೀ ಕುಡಿದು ಹೋಗು ಎಂದು ಕರೆದುಕೊಂಡು ಹೋದರು. ಅವರ ಮನೆಯ ಬಾಗಿಲಿನಿಂದ ಆ ಚರಂಡಿಗೆ ಹತ್ತು ಹೆಜ್ಜೆ.

ಎರಡು ದಿನ ಬಿಟ್ಟು ಪ್ರಯೋಗಾಲಯದ ಫಲಿತಾಂಶ ಕೈಗೆ ಬಂತು. ಸಂಜೆಯ ನೀರಿನ ಕೊಳೆ ಹನ್ನೊಂದು ಗಂಟೆಯ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು. ಚಿಕ್ಕ ಯಂತ್ರಸ್ಥಾವರದಲ್ಲಿ ಕೊಳೆಯನ್ನು ತಿಂದು ನೀರು ಶುದ್ಧ ಮಾಡುವುದು ಸೂಕ್ಷ್ಮಜೀವಿಗಳು. ದಿನವಿಡೀ ಅವಕ್ಕೆ ಬರೀ ತೆಳ್ಳನೆಯ ನೀರು ಕೊಟ್ಟು, ಸಂಜೆ ಒಮ್ಮೆಲೇ ಇಂಥದ್ದನ್ನು ಸುರಿದರೆ ಒಂದು ವಾರವೂ ಉಳಿಯುವುದಿಲ್ಲ. ಅಂದರೆ ನಾನು ಮೊದಲ ಅಂಕ ಕೊಟ್ಟ ಆಯ್ಕೆ ಈ ಊರಲ್ಲಿ ಕಟ್ಟಿದ ತಿಂಗಳೊಳಗೇ ಸಾಯುವಂಥದ್ದು.

ಹೇಳದೆ ಇರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ನನ್ನ ಗುತ್ತಿಗೆ ಏಪ್ರಿಲ್‌ನಲ್ಲಿ ಮುಗಿಯುವುದಿತ್ತು, ಮುಂದುವರಿಸುವುದು ಸರ್ ಕೈಯಲ್ಲಿತ್ತು. ಬೆಳಿಗ್ಗೆಯೆಲ್ಲ ಅವರ ಕೋಣೆಯ ಮುಂದೆ ಓಡಾಡಿ, ಮಧ್ಯಾಹ್ನ ಒಳಗೆ ಹೋದೆ.

"ಸರ್, ಕಟ್ಟೆಹಳ್ಳಿ ವರದಿ ತಪ್ಪಾಗಿದೆ."

"ಮೇಲಕ್ಕೆ ಹೋಗಿ ಎಷ್ಟು ದಿನ ಆಯ್ತಮ್ಮ?" ಎಂದರು.

"ಹತ್ತು ಹನ್ನೆರಡು ದಿನ ಸರ್. ತಪ್ಪು ನಂದೇ."

ಫಲಿತಾಂಶದ ಹಾಳೆಯನ್ನೂ ಬಾಟಲಿಯನ್ನೂ ಮೇಜಿನ ಮೇಲಿಟ್ಟೆ. ಅವರು ಹಾಳೆ ನೋಡಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು, ಮತ್ತೆ ಮುಚ್ಚಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸಲೀಸಾಗಿರುತ್ತಿತ್ತು. ಒಂದು ಬಿಳಿ ಹಾಳೆ ಎಳೆದುಕೊಂಡು, ನಮ್ಮ ವರದಿಯಲ್ಲಿ ಅಳತೆಯ ಲೋಪವಾಗಿದೆ, ಹಿಂಪಡೆಯುತ್ತಿದ್ದೇವೆ, ಗಡುವಿನೊಳಗೆ ಹೊಸದು ಕೊಡುತ್ತೇವೆ ಎಂದು ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿದರು. ನನ್ನ ಹೆಸರು ಎಲ್ಲೂ ಬರೆಯಲಿಲ್ಲ. ಈ ಸಲ ಎಷ್ಟು ಹೊತ್ತಿನ ನೀರು ಅಂತ ಗಡಿಯಾರ ನೋಡಿ ಬರೀ ಎಂದಷ್ಟೇ ಹೇಳಿ ಕಳಿಸಿದರು.

ಹೊಸದಾಗಿ ಅಳೆಯಬೇಕೆಂದರೆ ಕೆಲವು ಘಟಕಗಳಲ್ಲಾದರೂ ದಿನವಿಡೀ ಚೆಲ್ಲುವ ನೀರಿನ ಲೆಕ್ಕ ಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ. ಲಕ್ಷ್ಮೀದೇವಮ್ಮನೇ ದಾರಿ ಹೇಳಿದರು. ತಾವೂ ಬೇರೆ ಬೇರೆ ಘಟಕಗಳ ಇನ್ನೂ ನಾಲ್ಕು ಹೆಂಗಸರೂ ಒಂದೊಂದು ಬಕೆಟ್ ಚೆಲ್ಲಿದಾಗಲೂ ಗೋಡೆ ಮೇಲೆ ಇದ್ದಿಲಿನಲ್ಲಿ ಒಂದು ಗೀಟು ಎಳೆಯುವುದು, ನಾನು ಸಂಜೆ ಬಂದು ಎಣಿಸುವುದು. ಆದರೆ ಮಾಲೀಕರು ಒಪ್ಪಬೇಕಿತ್ತು. ಷಫಿ ಸಾಬರು ಅಂಗಳದ ಮಂಚದ ಮೇಲೆ ಕೂತು ನನ್ನನ್ನು ಎದುರಿಗೆ ಕೂರಿಸಿಕೊಂಡು ನೇರವಾಗಿ ಕೇಳಿದರು.

"ನೀವು ಬರ್ಕೊಂಡು ಹೋಗ್ತೀರ. ಆಮೇಲೆ ಯಾರೋ ಬಂದು ಬೀಗ ಹಾಕ್ತಾರೆ. ಇಲ್ಲಿ ಹನ್ನೆರಡು ಜನ ಕೆಲಸ ಮಾಡ್ತಾರೆ ಬೇಟಿ. ಅವರಿಗೆ ನೀವು ಊಟ ಹಾಕ್ತೀರಾ?"

ಆ ಭಯ ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಯಾವ ಘಟಕದಿಂದ ಎಷ್ಟು ಎಂದು ಹೆಸರು ಹಾಕಿ ಬರೆಯುವುದಿಲ್ಲ, ಊರಿನ ಒಟ್ಟು ಲೆಕ್ಕ ಮಾತ್ರ ಬರೆಯುತ್ತೇನೆ ಎಂದೆ. ಅವರು ನಂಬಿದರೋ ಇಲ್ಲವೋ, ಒಳಗಿದ್ದ ಲಕ್ಷ್ಮೀದೇವಮ್ಮ ಬೇಸಿನ್ ಹಿಂದಿನಿಂದಲೇ, ನಾನಿದ್ದೀನಿ ಬಿಡಣ್ಣ ಎಂದರು. ಆ ಮಾತಿಗೆ ಅವರು ಒಪ್ಪಿದರು, ಅವರನ್ನು ನೋಡಿ ಉಳಿದ ನಾಲ್ವರು ಮಾಲೀಕರೂ ಒಪ್ಪಿದರು. ಎರಡು ವಾರ ಐದು ಗೋಡೆಗಳ ಮೇಲೆ ಇದ್ದಿಲಿನ ಗೀಟುಗಳು ಏರಿದವು. ನಾನು ನೋಟುಬುಕ್ಕಿನಲ್ಲಿ ಹೊತ್ತು ಬರೆದುಕೊಂಡೆ. ಅಷ್ಟು ಅಚ್ಚುಕಟ್ಟಾದ ಅಳತೆಯನ್ನು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ.

ಅದೇ ದಿನಗಳಲ್ಲಿ ಸರ್ ನನ್ನನ್ನು ಬೇರೊಂದು ಜಿಲ್ಲೆಯಲ್ಲಿ ಕೆಲವು ವರ್ಷದ ಹಿಂದೆ ಕಟ್ಟಿದ್ದ ಯಂತ್ರಸ್ಥಾವರ ನೋಡಿಕೊಂಡು ಬಾ ಎಂದು ಕಳಿಸಿದರು. ಬೇಲಿಯ ಬಾಗಿಲಿಗೆ ಬಳ್ಳಿ ಹಬ್ಬಿತ್ತು. ಟ್ಯಾಂಕಿನಲ್ಲಿ ಹಸಿರು ಪಾಚಿ, ಅದರ ಮೇಲೊಂದು ಕಪ್ಪೆ. ಗಾಳಿ ಊದುವ ಯಂತ್ರ ಕೆಟ್ಟಿತ್ತು. ಬಿಡಿಭಾಗ ದೂರದ ಊರಿನಿಂದ ಬರಬೇಕಂತೆ, ಬಂದಿರಲಿಲ್ಲ. ನಡೆಸುತ್ತಿದ್ದವನು ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದ. ಯಂತ್ರದಲ್ಲಿ ತಪ್ಪೇನೂ ಇರಲಿಲ್ಲ. ಕಟ್ಟಿದಾಗ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತೆಂದು ಪಕ್ಕದ ಮನೆಯವರೂ ಹೇಳಿದರು. ನನ್ನ ಕೋಷ್ಟಕದಲ್ಲಿ ಕಟ್ಟುವ ದಿನದ ಬಗ್ಗೆ ನಾಲ್ಕು ಅಂಕಣಗಳಿದ್ದವು. ಕೆಟ್ಟ ದಿನದ ಬಗ್ಗೆ ಒಂದೂ ಇರಲಿಲ್ಲ.

ವಾಪಸ್ ಬಂದು ಹೊಸ ಅಂಕಣ ಸೇರಿಸಿದೆ: ಕೆಟ್ಟರೆ ಯಾರು, ಎಲ್ಲಿ, ಎಷ್ಟು ದಿನದಲ್ಲಿ ಸರಿಮಾಡುತ್ತಾರೆ? ಎರಡನೇ ವರದಿಯಲ್ಲಿ ಜೊಂಡಿನ ಹೊಂಡಗಳು ಮೊದಲು ಬಂದವು. ಪ್ರತಿ ಘಟಕದ ಅಂಗಳದಲ್ಲೂ ಜಾಲರಿ ಹಾಕಿದ ಎರಡು ಕೋಣೆಯ ತೊಟ್ಟಿ. ಹುಳು ಅಲ್ಲೇ ನಿಲ್ಲುತ್ತದೆ, ಸಂಜೆಯ ನೀರು ಮರುದಿನದವರೆಗೆ ನಿಧಾನಕ್ಕೆ ಹರಿಯುತ್ತದೆ. ಆಮೇಲೆ ಸಾಲು ಹೊಂಡಗಳು. ಗಾಳಿ ಊದಬೇಕಿಲ್ಲ, ದೂರದ ಬಿಡಿಭಾಗ ಬೇಕಿಲ್ಲ. ನನಗೆ ತುಂಬ ಸಮಾಧಾನವಾಗಿತ್ತು. ಇಳಿಜಾರು ಕಾಲೋನಿಯ ಕಡೆಗಿದ್ದದ್ದರಿಂದ ಜಾಗದ ಅಂಕಣವನ್ನು ಮೊದಲಿನಂತೆಯೇ ಬಿಟ್ಟೆ.

ಕಾಲೋನಿಯವರಿಗೆ ವಿವರಿಸಲು ಒಂದು ಭಾನುವಾರ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಸೇರಿಸಿದೆ. ಹೊಂಗೆ ಆಗಷ್ಟೇ ಚಿಗುರಿತ್ತು. ನಕ್ಷೆ ಬಿಡಿಸಿ ಎಲ್ಲ ಹೇಳಿದೆ. ವಾಸನೆ ಕಡಿಮೆಯಾಗುತ್ತದೆ, ಸೊಳ್ಳೆ ಕಡಿಮೆಯಾಗುತ್ತದೆ, ಕೆರೆ ಉಳಿಯುತ್ತದೆ. ಲಕ್ಷ್ಮೀದೇವಮ್ಮನ ಮಾವ ಪಿಳ್ಳಪ್ಪ, ಎಪ್ಪತ್ತು ದಾಟಿದವರು, ಕೋಲಿನ ಮೇಲೆ ಗಲ್ಲ ಊರಿಕೊಂಡು ಕೂತಿದ್ದವರು ಮೆಲ್ಲಗೆ ಕೇಳಿದರು.

"ತಾಯಿ, ಊರ ಚರಂಡಿ ನಮ್ಮ ಕಡೆ ಬಂತು. ತಿಪ್ಪೆ ನಮ್ಮ ಕಡೆ ಬಂತು. ಈಗ ಹೊಂಡಾನೂ ನಮ್ಮ ಕಡೇನೇ ಅಂತೀಯ. ನೀರಿಗೆ ಇಳಿಜಾರು ಇರ್ತದೆ, ಸರಿ. ಕಾಗದಕ್ಕೂ ಇಳಿಜಾರು ಇರ್ತದಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ನಕ್ಷೆ ಸುತ್ತಿಕೊಂಡು, ಇನ್ನೊಂದು ಸಲ ಬರ್ತೀನಿ ತಾತ ಎಂದು ಹೇಳಿ ಎದ್ದೆ. ಊರಿನ ಬಸ್ಸು ಹತ್ತಿದ ಮೇಲೆ ವರದಿ ತೆಗೆದು ಆ ಸಾಲನ್ನು ಮತ್ತೆ ಓದಿದೆ. ‘ಖಾಲಿ ನಿವೇಶನ, ಲಭ್ಯವಿದೆ.’ ಅಂಥದ್ದೇ ಕೇರಿಯಲ್ಲಿ, ಅಂಥದ್ದೇ ಚರಂಡಿಯ ಪಕ್ಕ ಹುಟ್ಟಿ ಬೆಳೆದವಳು ನಾನು. ಆ ಪದವನ್ನು ಬರೆದದ್ದು ನನ್ನದೇ ಕೈ. ಎರಡು ಸಲ ಬರೆದಿದ್ದೆ.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅವರು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು. ತಾವು ನೀರುಗಂಟಿಯಾಗಿದ್ದಾಗ ಎಲ್ಲ ಬೀದಿಗೂ ಬಿಟ್ಟು ಉಳಿದರೆ ನಮ್ಮ ಕೇರಿಗೆ ಬಿಡಬೇಕೆಂಬ ಕಟ್ಟಳೆ ಇತ್ತೆಂದೂ, ಇಪ್ಪತ್ತು ವರ್ಷ ತಾವೇ ಹಾಗೆ ವಾಲ್ವ್ ತಿರುಗಿಸಿದ್ದೆಂದೂ ಹೇಳಿದರು. ಅಮ್ಮ ಖಾಲಿ ಕೊಡ ಹಿಡಿದು ಕಾಯುತ್ತಿದ್ದದ್ದು ನನಗೂ ನೆನಪಿತ್ತು, ಆದರೆ ಅದು ಅಪ್ಪನ ಕೈಯಿಂದಲೇ ಆಗುತ್ತಿತ್ತೆಂದು ಯೋಚಿಸಿರಲಿಲ್ಲ.

"ಯಾಕೆ ಹಿಂಗೆ ಅಂತ ನಾನು ಒಂದು ದಿನಾನೂ ಕೇಳ್ಲಿಲ್ಲ ಕಣಮ್ಮ," ಎಂದರು. "ನೀನು ಕೇಳು. ಕೇಳೋ ಜಾಗದಲ್ಲಿ ಕೂತಿದ್ದೀಯ."

ಸೋಮವಾರ ಸರ್ ಮುಂದೆ ಇನ್ನೊಂದು ಹೊಸ ಅಂಕಣದ ಬೇಡಿಕೆ ಇಟ್ಟೆ: ತೊಂದರೆ ಯಾರ ಮನೆಗೆ, ಲಾಭ ಯಾರ ಮನೆಗೆ? ಇದಕ್ಕೆ ಅಂಕ ಹೇಗೆ ಹಾಕುತ್ತೀಯ ಎಂದು ಅವರು ಕೇಳಿದರು. ಅಲ್ಲಿಯವರನ್ನೇ ಕೇಳಿ ಹಾಕಿಸುತ್ತೇನೆ ಎಂದೆ. ಮೇ ತಿಂಗಳು ಹತ್ತಿರ ಬರುತ್ತಿದೆ ಎಂದು ನೆನಪಿಸಿದರೇ ಹೊರತು ಬೇಡ ಎನ್ನಲಿಲ್ಲ. ಏಪ್ರಿಲ್‌ನಲ್ಲಿ ನನ್ನ ಗುತ್ತಿಗೆಯನ್ನೂ ಮುಂದುವರಿಸಿದರು.

ಆ ಬೇಸಿಗೆ ನಾನು ನಡೆದಷ್ಟು ಜೀವನದಲ್ಲಿ ಎಂದೂ ನಡೆದಿಲ್ಲ. ಕೆರೆಯ ಆಚೆ ಬದಿಯಲ್ಲಿ, ಯಾವ ಮನೆಗೂ ಹತ್ತಿರವಲ್ಲದ ಗೋಮಾಳ ಒಂದಿತ್ತು. ಗಾಳಿ ಅಲ್ಲಿಂದ ಊರ ಕಡೆ ಬೀಸುವುದು ಕಡಿಮೆ. ಆದರೆ ಅದು ಎತ್ತರದಲ್ಲಿತ್ತು. ನೀರನ್ನು ಅಲ್ಲಿಗೆ ಎತ್ತಲು ಒಂದು ಮೋಟಾರು ಬೇಕು. ಮೋಟಾರು ಬೇಡವೆಂದೇ ಅಲ್ಲವೇ ಹೊಂಡಗಳನ್ನು ಆರಿಸಿದ್ದು? ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಸಾವಿರ ಅಡಿ ಕೆಳಗಿನಿಂದ ನೀರೆತ್ತುವ ನಾಡು ನಮ್ಮದು. ಶಿಡ್ಲಘಟ್ಟದ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಗಳನ್ನು ಒಂದೊಂದಾಗಿ ಹತ್ತಿಳಿದು, ಇಂಥ ಮೋಟಾರು ಸುಟ್ಟರೆ ಎಷ್ಟು ದಿನ ಬೇಕು ಎಂದು ಕೇಳಿದೆ. ಬೆಳಿಗ್ಗೆ ತಂದರೆ ಮರುದಿನ ಸಂಜೆಗೆ ಕೊಡ್ತೀವಿ ಎಂದರು ಎಲ್ಲರೂ, ಇದೂ ಒಂದು ಪ್ರಶ್ನೆಯೇ ಎಂಬಂತೆ ನನ್ನ ಮುಖ ನೋಡುತ್ತಾ. ಆ ಅಂಗಡಿಗಳ ಹೆಸರನ್ನೆಲ್ಲ ವರದಿಯ ಕೊನೆಗೆ ಸೇರಿಸಿದೆ.

ಗೋಮಾಳದಲ್ಲಿ ಕುರಿ ಮೇಯಿಸುವವರು ತಕರಾರು ತೆಗೆದರು. ಶುದ್ಧವಾದ ನೀರಿನಿಂದ ಅಲ್ಲೇ ಸೀಮೆಹುಲ್ಲು ಬೆಳೆದು ಅವರಿಗೆ ಮೊದಲ ಹಕ್ಕು ಕೊಡುವುದೆಂದು ಪಂಚಾಯಿತಿ ಬರೆದುಕೊಟ್ಟಿತು. ಹಿಪ್ಪುನೇರಳೆ ತೋಟಕ್ಕೂ ನೀರು ಬಿಡಿ ಎಂದು ಕೆಲವರು ಕೇಳಿದರು, ಆದರೆ ರೇಷ್ಮೆಹುಳು ಬಹಳ ಸೂಕ್ಷ್ಮ, ಅದು ತಿನ್ನುವ ಸೊಪ್ಪಿಗೆ ಈಗಲೇ ಬೇಡವೆಂದು ಹಿರಿಯ ಬೆಳೆಗಾರರೇ ತಡೆದರು. ಅಂಗಳದಲ್ಲಿ ತೊಟ್ಟಿ ಕಟ್ಟಲು ಉಳಿದ ಘಟಕಗಳ ಮಾಲೀಕರನ್ನು ಒಪ್ಪಿಸಿದ್ದು ಷಫಿ ಸಾಬರು. ಜಾಲರಿಯಲ್ಲಿ ನಿಲ್ಲುವ ಹುಳುವನ್ನು ಕೋಳಿ ಮೇವಿಗೆ ಕೊಳ್ಳುವವರನ್ನು ಅವರೇ ಹುಡುಕಿ ತಂದಿದ್ದರು.

ಒಂದು ಮಧ್ಯಾಹ್ನ ಊರವರನ್ನೂ ಕಾಲೋನಿಯವರನ್ನೂ ಶಾಲೆಯ ಅಂಗಳದಲ್ಲಿ ಒಟ್ಟಿಗೆ ಕೂರಿಸಿ, ನೆಲದ ಮೇಲೆ ಸುಣ್ಣದಲ್ಲಿ ಕೋಷ್ಟಕ ಬರೆದು, ಅಪ್ಪ ಬಿಡಿಸಿಟ್ಟಿದ್ದ ಹುಣಸೆ ಬೀಜ ಹಂಚಿದೆ. ಯಾವ ಆಯ್ಕೆ ಯಾವ ಅಂಕಣದಲ್ಲಿ ಒಳ್ಳೆಯದು ಅನ್ನಿಸುತ್ತದೋ ಅಲ್ಲಿ ಬೀಜ ಇಡಿ ಎಂದೆ. ಮೊದಲು ನಗುತ್ತಾ ಇಟ್ಟರು, ಆಮೇಲೆ ವಾದ ಮಾಡುತ್ತಾ ಇಟ್ಟರು. ಪಿಳ್ಳಪ್ಪ ತಾತ ತಮ್ಮ ಬೀಜಗಳನ್ನೆಲ್ಲ ಒಂದೇ ಚೌಕದಲ್ಲಿ ಸುರಿದು, ಕೋಲೂರಿಕೊಂಡು ಹೋಗಿ ಕೂತರು. ತೊಂದರೆ ಯಾರ ಮನೆಗೆ ಎಂಬ ಅಂಕಣದಲ್ಲಿ, ಗೋಮಾಳದ ಹೊಂಡದ ಚೌಕ ಅದು.

ಮೇ ಕೊನೆಯ ವಾರ ಆಲಿಕಲ್ಲು ಮಳೆ ಬಿದ್ದ ಮಾರನೇ ದಿನ ಚಿಕ್ಕಬಳ್ಳಾಪುರದಲ್ಲಿ ಸಭೆ. ಬೆಂಗಳೂರಿನಿಂದ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದರು. ನಾನು ಮಾತು ಶುರು ಮಾಡುವ ಮುಂಚೆಯೇ ಕೇಳಿದರು.

"ಮೊದಲನೇದ್ರಲ್ಲಿ ಯಂತ್ರ ಮೊದಲು. ಇದ್ರಲ್ಲಿ ಅದೇ ಕೊನೆ. ಎರಡಕ್ಕೂ ನಿಮ್ಮದೇ ಹೆಸರು. ನಾವು ಯಾವುದನ್ನ ನಂಬಬೇಕು?"

ಹೊತ್ತು ಬರೆದಿದ್ದ ನೋಟುಬುಕ್ಕನ್ನು ಅವರ ಮುಂದಿಟ್ಟೆ.

"ಮೊದಲನೇದು ನಾನು ಹನ್ನೊಂದು ಗಂಟೆಯ ನೀರು ಹಿಡಿದು ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ ಬಂದು ಬರೆದದ್ದು ಸರ್. ಅದು ತಪ್ಪು. ಎರಡನೇದನ್ನ ಅಲ್ಲಿ ಕೆಲಸ ಮಾಡೋರು ಅಳೆದುಕೊಟ್ಟಿದ್ದಾರೆ. ಇದನ್ನ ನಂಬಿ."

ಆಮೇಲೆ ಎಲ್ಲವನ್ನೂ ಹೇಳಿದೆ. ಸಂಜೆಯ ನೀರು, ಇದ್ದಿಲಿನ ಗೀಟು, ಪಾಚಿಗಟ್ಟಿದ ಟ್ಯಾಂಕು, ವೈಂಡಿಂಗ್ ಅಂಗಡಿಗಳು. ಪಿಳ್ಳಪ್ಪ ತಾತ ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಹೇಳಿದೆ. ಇದು ಹಳೇ ಕಾಲದ ಪದ್ಧತಿಯಲ್ಲವೇ ಎಂದು ಇನ್ನೊಬ್ಬರು ಕೇಳಿದ್ದಕ್ಕೆ, ಹಳೆಯದೇ ಸರ್, ಆದರೆ ಹತ್ತನೇ ವರ್ಷದಲ್ಲೂ ಇದನ್ನು ನಡೆಸುವವರು ಆ ಊರಲ್ಲೇ ಇದ್ದಾರೆ ಎಂದೆ. ರಾಮಚಂದ್ರಪ್ಪ ಸರ್ ಆಗ ಒಂದೇ ಮಾತು ಸೇರಿಸಿದರು. ಮೊದಲ ವರದಿಯ ತಪ್ಪನ್ನು ಕಂಡುಹಿಡಿದವರು ನಾವ್ಯಾರೂ ಅಲ್ಲ, ಬರೆದವಳೇ ಬಂದು ಹೇಳಿದಳು, ಅದಕ್ಕೇ ಎರಡನೆಯದರ ಕೆಳಗೆ ನಾನು ಓದದೆಯೇ ಸಹಿ ಹಾಕಬಲ್ಲೆ ಎಂದರು. ಆಮೇಲೆ, ಓದಿಯೂ ಇದ್ದೀನಿ ಎಂದು ಸೇರಿಸಿದ್ದಕ್ಕೆ ಎಲ್ಲರೂ ನಕ್ಕರು.

ಮಂಜೂರಾತಿಯ ಪತ್ರ ಮುಂಗಾರು ಹಿಡಿದ ಮೇಲೆ ಬಂತು. ಕಟ್ಟೆಹಳ್ಳಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಬೇಸಿನ್‌ಗಳ ಸದ್ದಿನ ನಡುವೆ ಲಕ್ಷ್ಮೀದೇವಮ್ಮ ಒಳಗಿನವರಿಗೆ ಜೋರಾಗಿ ಕೂಗಿ ತಿಳಿಸಿದ್ದು ಕೇಳಿಸಿತು.

ಮರುವರ್ಷದ ಚಳಿಗಾಲದಲ್ಲಿ ಹೊಂಡಗಳಾದವು. ಎಲ್ಲ ಸಲೀಸಾಗಿ ನಡೆಯಿತೆಂದೇನಲ್ಲ. ಮೊದಲ ಬೇಸಿಗೆಯಲ್ಲಿ ಒಂದು ಹೊಂಡ ನಾರಿತು. ಅರ್ಧ ಜೊಂಡು ಒಣಗಿ ಮತ್ತೆ ನೆಡಬೇಕಾಯಿತು. ಮೋಟಾರು ಒಮ್ಮೆ ಸುಟ್ಟಿತು. ಅಂಗಡಿಯವರು ಹೇಳಿದ್ದಂತೆ ಮರುದಿನ ಸಂಜೆಗೆ ಬಂತು. ನೋಡಿಕೊಳ್ಳಲು ಊರವರದ್ದೇ ಒಂದು ಸಮಿತಿಯಾಯಿತು, ಲಕ್ಷ್ಮೀದೇವಮ್ಮ ಅದರ ಮುಖ್ಯಸ್ಥೆ. ನನಗೆ ಆಗ ಬೇರೆ ತಾಲ್ಲೂಕಿನ ಕೆಲಸ ಬಿದ್ದು ಹೋಗಿಬರುವುದು ಕಡಿಮೆಯಾಗಿತ್ತು.

ವರ್ಷ ತುಂಬಿದ ಮೇಲೆ ಹಣ ಕೊಟ್ಟವರ ಕಡೆಯಿಂದ ತಪಾಸಣೆಗೆ ಒಂದು ತಂಡ ಬಂತು. ನನ್ನನ್ನೂ ಕರೆಸಿದ್ದರು. ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು, ಚಿತ್ರಗಳ ಸಮೇತ ಫೈಲು ಮಾಡಿಕೊಂಡು ಹೋಗಿದ್ದೆ. ಸೀಮೆಹುಲ್ಲು ಎದೆಯೆತ್ತರ ಬೆಳೆದಿತ್ತು. ತಂಡದ ಹಿರಿಯರು ಹೊಂಡಗಳನ್ನು ಸುತ್ತಿ ಬಂದು, ತಾಂತ್ರಿಕವಾಗಿ ಇದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಅಭ್ಯಾಸಬಲದಿಂದ ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಲಕ್ಷ್ಮೀದೇವಮ್ಮ ಸೆರಗು ಸಿಕ್ಕಿಸಿಕೊಂಡು ಅವರ ಮುಂದೆ ನಿಂತಿದ್ದರು.

ತೊಟ್ಟಿಯ ಜಾಲರಿಯಿಂದ ಶುರುಮಾಡಿ ಕೊನೆಯ ಹೊಂಡದವರೆಗೆ ಅವರನ್ನು ನಡೆಸಿಕೊಂಡು ಹೋದರು. ಯಾವ ಹೊತ್ತಿಗೆ ನೀರು ಗಟ್ಟಿ, ಯಾವ ಹೊತ್ತಿಗೆ ತೆಳು, ಬಿಸಿಲಿಲ್ಲದೆ ಹೊಂಡಗಳು ನಿಧಾನಕ್ಕೆ ಕೆಲಸ ಮಾಡುವ ಮೋಡದ ದಿನ ಮೋಟಾರು ಯಾಕೆ ಅರ್ಧ ಹೊತ್ತು ಮಾತ್ರ, ಯಾವ ಹೊಂಡದ ಜೊಂಡು ಯಾವಾಗ ಕೊಯ್ಯಬೇಕು. ಅವರು ಕೇಳುತ್ತಿದ್ದರು, ಇವರು ಹೇಳುತ್ತಿದ್ದರು. ಒಂದು ಕಡೆ ಆ ಹಿರಿಯರು ಲೆಕ್ಕದಲ್ಲಿ ತಪ್ಪಿದಾಗ, ಇಲ್ಲ ಸ್ವಾಮಿ, ಅದು ಬೆಳಗಿಂದು, ನಾನು ಹೇಳಿದ್ದು ಸಂಜೇದು ಎಂದು ಇವರು ತಿದ್ದಿದರು. ಅವರು ಪುಸ್ತಕದಲ್ಲಿ ಹೊಡೆದುಹಾಕಿ ಮತ್ತೆ ಬರೆದುಕೊಂಡರು. ಎಷ್ಟು ಓದಿದ್ದೀರಮ್ಮ ಎಂದು ಕೇಳಿದರು. ನಾಲ್ಕನೇ ಕ್ಲಾಸು ಎಂದರು.

ನಾನು ಹಿಂದೆ ಉಳಿದು ಒಡ್ಡಿನ ಮೇಲೆ ನಿಂತಿದ್ದೆ. ಅವತ್ತು ಯಾರೂ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಫೈಲನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ನನ್ನ ಕೆಲಸದ ಬಗ್ಗೆ ಅಷ್ಟು ಹೆಮ್ಮೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.